ಹಳೆಯ ಯೆಜ್ಡಿ, ಸೋವಿ ಕಾಗದ

ಹಳೆಯ ಗಾಡಿ ನೋಡೋಕೆ ಹೋದವರು ಮೊದಲು ಕಿಕ್ ಹೊಡೆದು ಇಂಜಿನ್ ಶಬ್ದ ಕೇಳುತ್ತಾರೆ. ನಾನು ಮೊದಲು ಆರ್‌ಸಿ (ಗಾಡಿಯ ನೋಂದಣಿ ಪತ್ರ) ತೋರಿಸಿ ಅಂದೆ. ವಿಜಯಪುರದಲ್ಲಿ ನನ್ನ ಹಳೆಯ ಬೈಕು ಯೆಜ್ಡಿ ರೋಡ್‌ಕಿಂಗ್ ಕಡಿಮೆ ಖರ್ಚಿನಲ್ಲಿ ನನ್ನ ಹೆಸರಿಗೆ ಬಂದಿದ್ದು ಅದರಿಂದಲೇ.

ಎರಡು ಗಾಡಿ ಕಣ್ಣಿಗೆ ಬಿದ್ದಿದ್ದವು. ಸೊಲ್ಲಾಪುರದ್ದು ನೋಡೋಕೆ ಚೆಂದ, ರೇಟೂ ಕಡಿಮೆ. ಆದರೆ ಮಹಾರಾಷ್ಟ್ರದ ಎಂಎಚ್-13 ನಂಬರ್. ಆರ್‌ಸಿ ಅವಧಿ ಮುಗಿದು ವರ್ಷಗಳೇ ಆಗಿದ್ದವು. ಬೈಕಿನ ಆರ್‌ಸಿ ರಿನ್ಯೂವಲ್ ತಡವಾದರೆ ತಿಂಗಳಿಗೆ 300 ರೂಪಾಯಿ ದಂಡ, ಅಂದರೆ ವರ್ಷಕ್ಕೆ 3,600. ಅದರ ಮೇಲೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಕರ್ನಾಟಕದ ತೆರಿಗೆ, ಹೊಸ ಕೆಎ ನಂಬರ್. ಗಾಡಿ ಸೋವಿ, ಕಾಗದ ತುಟ್ಟಿ! ಇನ್ನೊಂದು ನಮ್ಮದೇ ಕೆಎ-28, 1995ರ ಮಾಡೆಲ್. ಬಣ್ಣ ಹೋಗಿತ್ತು, ಸೀಟು ಹರಿದಿತ್ತು. ಆದರೆ 2020ರಲ್ಲಿ ರಿನ್ಯೂವಲ್ ಆಗಿತ್ತು, ವಿವರವೆಲ್ಲ ಸರ್ಕಾರದ ವಾಹನ್ ಪೋರ್ಟಲಿನಲ್ಲಿತ್ತು. ಜಾಸ್ತಿ ದುಡ್ಡು ಕೊಟ್ಟು ಇದನ್ನೇ ತಗೊಂಡೆ.

'ವಿಂಟೇಜ್ ಅಂತ ಮಾಡಿಸಿಬಿಡಿ' ಅಂತ ಸಲಹೆ ಕೊಡುವವರು ಬಹಳ. 2021ರಲ್ಲಿ ಬಂದ ಆ ನಿಯಮಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. ರೋಡ್‌ಕಿಂಗ್ ಬಂದಿದ್ದೇ 1978ರಲ್ಲಿ. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಅಷ್ಟು ಕೊಟ್ಟರೂ ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ. ನನಗೆ ಸಂಜೆ ಗೋಲಗುಮ್ಮಟದ ಕಡೆ ಒಂದು ರೌಂಡ್ ಹೋಗಬೇಕು, ಶೋಕೇಸಿನಲ್ಲಿ ಇಡೋಕಲ್ಲ. ಮಾಮೂಲಿ ರಿನ್ಯೂವಲ್ ಸಾಕು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟಿನಿಂದ ಕೇಂದ್ರದ ಶುಲ್ಕ 2,000 ರೂಪಾಯಿ, ಐದು ವರ್ಷಕ್ಕೆ. ಹಳೆಯ ಗಾಡಿಗಳ ಮೇಲಿನ ಹಸಿರು ತೆರಿಗೆ ಬೇರೆ.

ಮೊದಲು ಫಾರ್ಮ್ 29, 30 ತುಂಬಿ ಹೆಸರು ಬದಲಿಸಿದೆ. ಆಮೇಲೆ ರಿನ್ಯೂವಲ್‌ಗೆ ಫಾರ್ಮ್ 25. ಅವಧಿ ಮುಗಿಯೋಕೆ 60 ದಿನ ಇರುವಾಗಿನಿಂದ ಇದನ್ನು ಹಾಕಬಹುದು, ಕೊನೆ ವಾರಕ್ಕೆ ಬಿಡಬೇಡಿ. ವಿಮೆ ಬರೀ ಥರ್ಡ್ ಪಾರ್ಟಿ. 150ರಿಂದ 350 ಸಿಸಿಗೆ ಮೂಲ ಪ್ರೀಮಿಯಂ 1,366 ರೂಪಾಯಿ, ಮಾಲೀಕರ ಅಪಘಾತ ವಿಮೆ ಬೇರೆ. ಫುಲ್ ಇನ್ಶೂರೆನ್ಸ್ ಸುಮ್ನೆ ದಂಡ. ಈ ವಯಸ್ಸಿನ ಗಾಡಿಗೆ ಕಂಪನಿ ಕಟ್ಟುವ ಬೆಲೆ ಎಷ್ಟಿರುತ್ತೆ ಹೇಳಿ?

ಜಾಸ್ತಿ ಹೊತ್ತು ಹಿಡಿದ ಕೆಲಸ ಅಂದರೆ ಚಾಸಿ ನಂಬರ್ (ಗಾಡಿಯ ಚೌಕಟ್ಟಿನ ಗುರುತು ಸಂಖ್ಯೆ) ಓದುವುದು. ಹ್ಯಾಂಡಲ್ ಕೆಳಗಿನ ಪೈಪಿನ ಮೇಲೆ ಅದು ಕೊರೆದಿರುತ್ತದೆ. ಹಳೆಯ ಮಾಲೀಕರು ಬಣ್ಣದ ಮೇಲೆ ಬಣ್ಣ ಬಳಿದು ಅಂಕಿಗಳೇ ಮುಚ್ಚಿಹೋಗಿದ್ದವು. ನಾನು ಮಷೀನ್ ತರೋಣ ಅಂದಾಗ ಮೆಕ್ಯಾನಿಕ್ ಕಾಕಾ ತಡೆದರು: 'ಗ್ರೈಂಡರ್ ಹಚ್ಚಬ್ಯಾಡ್ರಿ ಸರ, ನಂಬರ್ ಹೋತಂದ್ರ ಗಾಡಿನೂ ಹೋತು.' ಪೇಂಟ್ ರಿಮೂವರ್ ಸವರಿ, ಬಣ್ಣ ಉಬ್ಬಿದ ಮೇಲೆ ಬಟ್ಟೆಯಿಂದ ಒರೆಸಿದರು. ಮತ್ತೆ ಸವರಿದರು. ಕೊನೆಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದಾಗ ಒಂದೊಂದೇ ಅಂಕಿ ಬಿಳಿಯಾಗಿ ಎದ್ದಿತು. ಇಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಯೆಜ್ಡಿಗಳಲ್ಲಿ ಇಂಜಿನ್ ಬದಲಿಸುವುದು ಮಾಮೂಲಿ. ನಂಬರ್ ಬೇರೆ ಇದ್ದರೆ ದುಡ್ಡು ಕೊಡುವ ಮೊದಲೇ ಎದ್ದು ಬನ್ನಿ.

ಹೊಗೆ ತಪಾಸಣೆಗೆ ಎಲ್ಲರೂ ಹೆದರಿಸಿದ್ದರು, ಟೂ-ಸ್ಟ್ರೋಕ್ ಅಲ್ವಾ! 2000ದ ಮಾರ್ಚ್‌ಗಿಂತ ಮುಂಚಿನ ಬೈಕಿಗೆ ಮಿತಿ ಸಡಿಲ: ಕಾರ್ಬನ್ ಮೊನಾಕ್ಸೈಡ್ 4.5 ಪರ್ಸೆಂಟ್ ತನಕ ನಡೆಯುತ್ತದೆ. ಕಾರ್ಬ್ಯುರೇಟರ್ ತೊಳೆದು, ಪೆಟ್ರೋಲಿಗೆ ಆಯಿಲ್ ಅಳತೆಯಲ್ಲೇ ಹಾಕಿ, ಇಂಜಿನ್ ಚೆನ್ನಾಗಿ ಕಾಯಿಸಿಕೊಂಡು ಹೋದೆ. ಪಾಸಾಯಿತು. ಆರ್‌ಟಿಒ ಇನ್‌ಸ್ಪೆಕ್ಟರ್ ಲೈಟು, ಹಾರ್ನು, ಬ್ರೇಕು ನೋಡಿ ಸಹಿ ಹಾಕಿದರು.

ಸೊಲ್ಲಾಪುರದ ಗಾಡಿ ಇನ್ನೂ ಮಾರಾಟಕ್ಕಿದೆಯಂತೆ. ಯಾರಾದರೂ ತಗೊಳ್ಳುವುದಾದರೆ ಮೊದಲು ಆರ್‌ಸಿ ರಿನ್ಯೂ ಮಾಡಿಸಿ ಎನ್‌ಒಸಿ ಕೈಗೆ ಕೊಡಿ ಅನ್ನಿ, ಆಮೇಲೆ ರೇಟಿನ ಮಾತು.