ಪಂಚಾಯಿತಿ ಓಟು: ಪಟ್ಟಿಯಲ್ಲಿ ಹೆಸರು ಹುಡುಕುವುದರಿಂದ ಮತಪತ್ರ ಮಡಚುವವರೆಗೆ

ಮತದಾರರ ಗುರುತಿನ ಚೀಟಿ ಜೇಬಿನಲ್ಲಿದೆ, ಹೋದ ವಿಧಾನಸಭೆ ಚುನಾವಣೆಯಲ್ಲಿ ಓಟೂ ಹಾಕಿದ್ದಾಗಿದೆ. ಆದರೂ ಪಂಚಾಯಿತಿ ಚುನಾವಣೆಯ ದಿನ ಮತಗಟ್ಟೆಯ ಬಾಗಿಲಲ್ಲಿ ‘ನಿಮ್ಮ ಹೆಸರು ಈ ಪಟ್ಟಿಯಲ್ಲಿಲ್ಲ’ ಎಂಬ ಮಾತು ಕೇಳಿ ಹಿಂದಿರುಗುವವರು ಇದ್ದಾರೆ. ಇವರಲ್ಲಿ ಹೆಚ್ಚಿನವರ ಹೆಸರು ಅಳಿಸಿಹೋಗಿರುವುದಿಲ್ಲ, ಪಕ್ಕದ ವಾರ್ಡಿನ ಪಟ್ಟಿಗೆ ಸೇರಿಕೊಂಡಿರುತ್ತದೆ. ಮತದಾನದ ದಿನ ಅದನ್ನು ಸರಿಪಡಿಸಲು ಯಾರಿಂದಲೂ ಆಗದು. ಒಂದೆರಡು ತಿಂಗಳು ಮೊದಲಾದರೆ ಅರ್ಧ ದಿನದ ಕೆಲಸ.

ಹೀಗೇಕೆ ಆಗುತ್ತದೆ ಎಂದರೆ, ಇಲ್ಲಿ ಎರಡು ಆಯೋಗಗಳಿವೆ. ಲೋಕಸಭೆ, ವಿಧಾನಸಭೆಗಳಿಗೆ ಮತದಾರರ ಪಟ್ಟಿ ಮಾಡುವುದು ಭಾರತ ಚುನಾವಣಾ ಆಯೋಗ. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆ, ನಗರಸಭೆ, ಪಾಲಿಕೆಗಳ ಚುನಾವಣೆ ನಡೆಸುವುದು ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಪಂಚಾಯಿತಿಗೆ ಹೆಸರು ಸೇರಿಸಲು ಬೇರೆ ಅರ್ಜಿಯಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು, ತಹಶೀಲ್ದಾರ್ ಕಚೇರಿಯ ಉಸ್ತುವಾರಿಯಲ್ಲಿ ವಾರ್ಡ್‌ವಾರು ಒಡೆಯುತ್ತಾರೆ. ಹಾಗಾಗಿ ನಿಮ್ಮ ಕೆಲಸವೂ ಎರಡು: ಮೂಲ ಪಟ್ಟಿಯಲ್ಲಿ ಹೆಸರು ಸೇರಿಸುವುದು, ಆಮೇಲೆ ಒಡೆದ ಪಟ್ಟಿಯಲ್ಲಿ ಅದು ಎಲ್ಲಿ ಕೂತಿದೆ ಎಂದು ನೋಡುವುದು. ಮೊದಲನೆಯದನ್ನು ಬಹಳ ಜನ ಮಾಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ಮೂಲ ಪಟ್ಟಿಗೆ ಸೇರುವುದು

ಇದುವರೆಗೆ ಎಲ್ಲಿಯೂ ಹೆಸರಿಲ್ಲದವರಿಗೆ ನಮೂನೆ-6 ಎಂಬ ಅರ್ಜಿ. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷ ಅವಕಾಶವಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು ಎಂದು ನಾಲ್ಕು ಅರ್ಹತಾ ದಿನಗಳಿವೆ. 17 ತುಂಬಿದ ಮಕ್ಕಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು, 18 ತುಂಬಿದ ಮೇಲಿನ ಅರ್ಹತಾ ದಿನಕ್ಕೆ ಹೆಸರು ಸೇರುತ್ತದೆ. ಪಿಯುಸಿ ಓದುತ್ತಿರುವ ಮಕ್ಕಳಿರುವ ಮನೆಯವರು ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಬೇಕಾಗುವ ದಾಖಲೆ ಹೆಚ್ಚೇನಿಲ್ಲ. ವಯಸ್ಸಿಗೆ ಜನನ ಪ್ರಮಾಣಪತ್ರ, ಹುಟ್ಟಿದ ದಿನಾಂಕವಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್‌ಗಳಲ್ಲಿ ಒಂದು. ವಿಳಾಸಕ್ಕೆ ವಿದ್ಯುತ್, ನೀರು ಅಥವಾ ಗ್ಯಾಸ್ ಬಿಲ್, ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಜಮೀನಿನ ಕಂದಾಯ ದಾಖಲೆ, ನೋಂದಾಯಿತ ಬಾಡಿಗೆ ಕರಾರು, ಇವುಗಳಲ್ಲಿ ಒಂದು. ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ಬಣ್ಣದ ಫೋಟೊ ಬೇಕು. ಆಧಾರ್ ಸಂಖ್ಯೆ ಇಲ್ಲದವರಿಗೆ ಅರ್ಜಿಯಲ್ಲೇ ಬೇರೆ ಟಿಕ್ ಕಾಲಂ ಇದೆ.

ಅರ್ಜಿಯನ್ನು ಭಾರತ ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ತುಂಬಬಹುದು. ಆಗದಿದ್ದರೆ ಕಾಗದದ ಅರ್ಜಿಯನ್ನು ನಿಮ್ಮ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಕೈಗೆ ಕೊಡಿ. ಹಳ್ಳಿಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯೋ ಶಾಲಾ ಶಿಕ್ಷಕರೋ ಬಿಎಲ್‌ಒ ಆಗಿರುವುದು ಸಾಮಾನ್ಯ. ಅವರು ಯಾರೆಂದು ಗೊತ್ತಿಲ್ಲದಿದ್ದರೆ 1950ಕ್ಕೆ ಕರೆ ಮಾಡಿ ಕೇಳಿ.

ತುಂಬುವಾಗ ಎರಡು ಕಡೆ ಕಣ್ಣಿಟ್ಟಿರಬೇಕು. ಮೊದಲನೆಯದು ಕನ್ನಡದಲ್ಲಿ ಹೆಸರು. ಆನ್‌ಲೈನ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕನ್ನಡದ ಹೆಸರು ತಾನಾಗಿ ಮೂಡುತ್ತದೆ. ನಳಿನಿ ನಲಿನಿ ಆಗುವುದು, ಕಮಲ ಕಾಮಲ ಆಗುವುದು, ಶಣ್ಮುಖ–ಷಣ್ಮುಖ ಅದಲುಬದಲಾಗುವುದು ಇಲ್ಲಿಯೇ. ತಿದ್ದಿ ಮುಂದೆ ಹೋಗಿ. ಎರಡನೆಯದು ಮನೆ ಸಂಖ್ಯೆ. ಊರಲ್ಲಿ ಎಲ್ಲರಿಗೂ ನಮ್ಮ ಮನೆ ಗೊತ್ತು ಎಂದು ಈ ಕಾಲಂನಲ್ಲಿ ಸೊನ್ನೆ ಹಾಕುವವರು ತುಂಬ. ಆದರೆ ಪಂಚಾಯಿತಿ ವಾರ್ಡಿಗೆ ಹೆಸರು ಹಂಚುವವರು ನಿಮ್ಮ ಮುಖ ನೋಡಿ ಹಂಚುವುದಿಲ್ಲ, ವಿಳಾಸ ನೋಡಿ ಹಂಚುತ್ತಾರೆ. ಮನೆ ಕಂದಾಯದ ರಸೀದಿಯಲ್ಲಿರುವ ಸಂಖ್ಯೆಯನ್ನೇ ಬರೆಯಿರಿ. ಅದೇ ಮನೆಯ ಒಬ್ಬರ ಗುರುತಿನ ಚೀಟಿ ಸಂಖ್ಯೆಯನ್ನೂ ನಮೂದಿಸಿದರೆ ಕುಟುಂಬ ಒಂದೇ ಕಡೆ ಉಳಿಯಲು ಅನುಕೂಲ.

ಅರ್ಜಿ ಸಲ್ಲಿಸಿದಾಗ ಸಿಗುವ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಿಎಲ್‌ಒ ಮನೆಗೆ ಬಂದು ಪರಿಶೀಲಿಸುತ್ತಾರೆ. ಆಗ ಬೀಗ ಹಾಕಿದ್ದು, ಫೋನೂ ಸಿಗದಿದ್ದರೆ ‘ವಿಳಾಸದಲ್ಲಿಲ್ಲ’ ಎಂದು ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ತಿರಸ್ಕಾರ ಒಪ್ಪಿಗೆಯಿಲ್ಲದಿದ್ದರೆ ಜಿಲ್ಲಾಧಿಕಾರಿಗೆ 15 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಈಗಾಗಲೇ ಬೇರೆ ಕಡೆ ಹೆಸರಿರುವವರು ನಮೂನೆ-6 ಮುಟ್ಟಲೇಬಾರದು. ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಊರು ಬದಲಿಸಿದ ಬಾಡಿಗೆದಾರರು, ಬೆಂಗಳೂರಿನಿಂದ ಊರಿಗೆ ಮರಳಿ ನೆಲೆಸಿದವರು ಎಲ್ಲರಿಗೂ ನಮೂನೆ-8. ವಿಳಾಸ ಬದಲಾವಣೆ, ಹೆಸರಿನ ತಿದ್ದುಪಡಿ, ಕಳೆದುಹೋದ ಚೀಟಿಗೆ ಬದಲಿ, ಅಂಗವೈಕಲ್ಯ ನಮೂದು, ಎಲ್ಲಕ್ಕೂ ಅದೊಂದೇ. ನಮೂನೆ-6ರಲ್ಲಿ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂದು ಘೋಷಿಸಿ ಸಹಿ ಹಾಕಬೇಕು. ಅದು ಸುಳ್ಳಾದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ ಅಥವಾ ಎರಡೂ. ನಗರದಲ್ಲೊಂದು, ಊರಲ್ಲೊಂದು ಓಟು ಇಟ್ಟುಕೊಳ್ಳಲು ಕಾನೂನಿನಲ್ಲಿ ಜಾಗವಿಲ್ಲ. ಮನೆಯಲ್ಲಿ ತೀರಿಕೊಂಡವರ ಹೆಸರನ್ನು ನಮೂನೆ-7 ಕೊಟ್ಟು ತೆಗೆಸಿ. ಪಟ್ಟಿಯಲ್ಲಿ ಉಳಿದ ಸತ್ತವರ ಹೆಸರೇ ಕಳ್ಳ ಓಟಿಗೆ ದಾರಿ.

ವಾರ್ಡ್ ಪಟ್ಟಿಯಲ್ಲಿ ಬೆರಳಿಟ್ಟು ನೋಡಿ

ಚುನಾವಣೆ ಹತ್ತಿರ ಬಂದಾಗ ವಾರ್ಡ್‌ವಾರು ಕರಡು ಪಟ್ಟಿ ಪ್ರಕಟವಾಗುತ್ತದೆ. ಗ್ರಾಮ ಪಂಚಾಯಿತಿ ಕಚೇರಿ, ತಾಲ್ಲೂಕು ಕಚೇರಿಗಳಲ್ಲಿ ಅದನ್ನು ನೋಡಬಹುದು. ಆಕ್ಷೇಪಣೆಗೆ ಸಿಗುವ ಕಾಲ ಕೆಲವೇ ದಿನ. ಇದೇ ನಿಜವಾದ ಗಡುವು.

ನಿಮ್ಮ ಹೆಸರೊಂದನ್ನೇ ನೋಡಿ ಬರಬೇಡಿ. ಮನೆಯ ಎಲ್ಲರ ಹೆಸರೂ ಒಂದೇ ವಾರ್ಡಿನಲ್ಲಿದೆಯೇ, ಎಡಬಲದ ಮನೆಯವರು ಅದೇ ಪಟ್ಟಿಯಲ್ಲಿದ್ದಾರೆಯೇ ನೋಡಿ. ಅಕ್ಕಪಕ್ಕದವರೆಲ್ಲ 2ನೇ ವಾರ್ಡಿನಲ್ಲಿದ್ದು ನಿಮ್ಮ ಹೆಸರು ಮಾತ್ರ 3ರಲ್ಲಿದ್ದರೆ ಅದು ಹಂಚಿಕೆಯ ತಪ್ಪು. ಪಟ್ಟಿಯ ಭಾಗ, ಕ್ರಮಸಂಖ್ಯೆ, ಗುರುತಿನ ಚೀಟಿ ಸಂಖ್ಯೆ, ಮನೆ ಕಂದಾಯದ ರಸೀದಿಯ ಪ್ರತಿ ಸೇರಿಸಿ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ‘ಸರಿ ಮಾಡ್ತೀವಿ’ ಲೆಕ್ಕಕ್ಕಿಲ್ಲ. ಅಂತಿಮ ಪಟ್ಟಿ ಬಂದ ಮೇಲೆ ಇನ್ನೊಮ್ಮೆ ನೋಡಿ, ಕ್ರಮಸಂಖ್ಯೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಮತಗಟ್ಟೆಯೊಳಗೆ

ಗುರುತಿನ ಚೀಟಿ ಒಯ್ಯಿರಿ. ಅದಿಲ್ಲದಿದ್ದರೆ ಆಧಾರ್, ಫೋಟೊ ಇರುವ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಪಾನ್, ಚಾಲನಾ ಪರವಾನಗಿಯಂಥವು ನಡೆಯುತ್ತವೆ. ಯಾವುವು ನಡೆಯುತ್ತವೆ ಎಂಬ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗ ಪ್ರತಿ ಚುನಾವಣೆಗೂ ಪ್ರಕಟಿಸುತ್ತದೆ. ಅಭ್ಯರ್ಥಿಗಳ ಏಜೆಂಟರು ಕೊಡುವ ಚೀಟಿ ಕ್ರಮಸಂಖ್ಯೆ ತಿಳಿಯಲಿಕ್ಕೆ ಮಾತ್ರ.

ಮೊದಲ ಅಧಿಕಾರಿ ನಿಮ್ಮ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಏಜೆಂಟರಿಗೆ ಕೇಳಿಸಲೆಂದೇ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿ ಹೋಗಿದ್ದರೆ ಸುಮ್ಮನೆ ಹಿಂದಿರುಗಬೇಡಿ. ಗುರುತು ಸಾಬೀತುಪಡಿಸಿ ‘ಟೆಂಡರ್ಡ್ ಮತಪತ್ರ ಕೊಡಿ’ ಎಂದು ಮತಗಟ್ಟೆ ಅಧಿಕಾರಿಯನ್ನು ಕೇಳಿ. ಅದನ್ನು ಪೆಟ್ಟಿಗೆಗೆ ಹಾಕದೆ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮುಂದೆ ತಕರಾರು ನ್ಯಾಯಾಲಯಕ್ಕೆ ಹೋದರೆ ಅದೇ ನಿಮ್ಮ ಸಾಕ್ಷಿ.

ನಂತರ ಬೆರಳಿಗೆ ಶಾಯಿ. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಇದು ಹೋಗುತ್ತಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬೆಳಕಿಗೆ ಕಪ್ಪಾಗುತ್ತದೆ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಅಧಿಕಾರಿ ಒರೆಸಿಯೇ ಹಚ್ಚುತ್ತಾರೆ.

ಈಗ ಮತಪತ್ರ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದೆಡೆ ಬಳಸಿದ್ದು ಮತಪತ್ರವನ್ನೇ. ಮತಯಂತ್ರಕ್ಕೆ ಒಗ್ಗಿದ ಕೈಗೆ ಇದು ಹೊಸದು. ಪತ್ರದ ಹಿಂಬದಿಯಲ್ಲಿ ಮತಗಟ್ಟೆಯ ಗುರುತು, ಅಧಿಕಾರಿಯ ಸಹಿ ಇದೆಯೇ ನೋಡಿಕೊಂಡೇ ಮರೆಯೊಳಗೆ ಹೋಗಿ.

ಅಲ್ಲಿ ಪಕ್ಷದ ಚಿಹ್ನೆ ಕಾಣುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಅಭ್ಯರ್ಥಿಗೆ ಸಿಕ್ಕ ಚಿಹ್ನೆ ಯಾವುದೆಂದು ಮೊದಲೇ ತಿಳಿದಿರಬೇಕು. ಎಷ್ಟು ಜನರಿಗೆ ಓಟು ಹಾಕಬೇಕು ಎಂಬುದರಲ್ಲೇ ಬಹಳ ಮಂದಿ ಎಡವುತ್ತಾರೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರೆಂಬ ಲೆಕ್ಕದಲ್ಲಿ ಒಂದೇ ವಾರ್ಡಿಗೆ ಎರಡು, ಮೂರು, ನಾಲ್ಕು ಸ್ಥಾನಗಳೂ ಇರುತ್ತವೆ. ಎಷ್ಟು ಸ್ಥಾನವೋ ಅಷ್ಟು ಓಟು ನಿಮ್ಮದು. ಮೂರು ಸ್ಥಾನವಿದ್ದರೆ ಮೂವರಿಗೆ ತಲಾ ಒಂದು. ಒಬ್ಬರಿಗೇ ಮೂರೂ ಒತ್ತಿದರೆ ಮೂರು ಓಟಾಗುವುದಿಲ್ಲ. ಇಬ್ಬರಿಗಷ್ಟೇ ಹಾಕಿ ಬಿಟ್ಟರೂ ಮತ ಸಿಂಧು. ನಾಲ್ವರಿಗೆ ಒತ್ತಿದರೆ ಇಡೀ ಮತಪತ್ರವೇ ಅಸಿಂಧು, ಸರಿಯಾಗಿ ಒತ್ತಿದ ಮೂರೂ ಅದರ ಜೊತೆ ಹೋದವು. ಮೀಸಲು ಸ್ಥಾನಕ್ಕೆ ಆ ವರ್ಗದವರೇ ಓಟು ಹಾಕಬೇಕೆಂಬುದು ತಪ್ಪು ತಿಳಿವಳಿಕೆ. ಮೀಸಲಾತಿ ಇರುವುದು ಸ್ಪರ್ಧಿಸುವವರಿಗೆ. ವಾರ್ಡಿನ ಮತದಾರರೆಲ್ಲ ಯಾವ ಅಭ್ಯರ್ಥಿಗೂ ಮತ ಕೊಡಬಹುದು.

ಮುದ್ರೆಯನ್ನು ಶಾಯಿ ಪ್ಯಾಡಿಗೆ ಹಗುರಾಗಿ ಒತ್ತಿ, ಅಭ್ಯರ್ಥಿಯ ಚೌಕದ ಮಧ್ಯದಲ್ಲಿ ಒಮ್ಮೆ ಒತ್ತಿ ಎತ್ತಿ. ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಬಿದ್ದರೆ ಯಾರಿಗೆಂದು ಗೊತ್ತಾಗದೆ ತಿರಸ್ಕೃತವಾಗುತ್ತದೆ. ಪೆನ್ನಿನ ಟಿಕ್, ಸಹಿ, ಹೆಬ್ಬೆಟ್ಟು ಯಾವುದೂ ಬೇಡ. ಗುರುತು ಬಿಟ್ಟುಕೊಡುವ ಯಾವ ಗೆರೆಯಿದ್ದರೂ ಮತ ಹಾಳು.

ಆ ಮುದ್ರೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬಾಣದ ತುದಿಗಳಿರುವ ಕತ್ತರಿ ಗುರುತು, ನಾಲ್ಕು ತೋಳುಗಳೂ ಒಂದೇ ದಿಕ್ಕಿಗೆ ತಿರುಗಿದಂತಿರುತ್ತವೆ. ಮಡಚಿದಾಗ ಹಸಿ ಶಾಯಿ ಇನ್ನೊಬ್ಬರ ಚೌಕಕ್ಕೆ ಅಂಟಿದರೆ ಆ ಅಚ್ಚಿನಲ್ಲಿ ತೋಳುಗಳು ಉಲ್ಟಾ ತಿರುಗಿರುತ್ತವೆ. ಎಣಿಸುವವರು ಅಸಲು ಯಾವುದು, ಅಂಟಿದ್ದು ಯಾವುದು ಎಂದು ಹೇಳುವುದು ಅದನ್ನು ನೋಡಿ. ಆದರೂ ಶಾಯಿ ತುಸು ಆರಲು ಬಿಟ್ಟು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ. ಉದ್ದಕ್ಕೆ ಮಡಚಿದರೆ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿಗೆ ಅಂಟುತ್ತದೆ.

ಕೈತಪ್ಪಿ ಒತ್ತಿ ಪತ್ರ ಕೆಟ್ಟರೆ ಪೆಟ್ಟಿಗೆಗೆ ಹಾಕುವ ಮೊದಲು ಅಧಿಕಾರಿಗೆ ಹಿಂದಿರುಗಿಸಿ, ಇನ್ನೊಂದು ಕೇಳಿ. ಕಣ್ಣು ಕಾಣದವರು, ಕೈ ನಡುಗುವ ಹಿರಿಯರು 18 ದಾಟಿದ ಒಬ್ಬರನ್ನು ಜೊತೆಗೆ ಒಯ್ಯಬಹುದು. ಅವರು ಯಾರಿಗೆ ಹಾಕಿದರೆಂದು ಆ ಜೊತೆಗಾರ ಹೊರಗೆ ಹೇಳುವಂತಿಲ್ಲ. ಮತದಾನದ ಸಮಯ ಮುಗಿಯುವಾಗ ನೀವು ಸಾಲಿನಲ್ಲಿದ್ದರೆ ಚೀಟಿ ಕೊಟ್ಟು ನಿಲ್ಲಿಸಿಕೊಳ್ಳುತ್ತಾರೆ. ಸಾಲು ಬಿಟ್ಟು ಹೋಗಬೇಡಿ, ನಿಮ್ಮ ಸರದಿ ಬಂದೇ ಬರುತ್ತದೆ.