ಆಫೀಸಿನ ಮೂಲಕ ಎಲೆಕ್ಟ್ರಿಕ್ ಕಾರು: ಸಹಿ ಹಾಕುವ ಮೊದಲು ಈ ಲೆಕ್ಕ ಹಾಕಿ

ಬ್ರಿಟನ್ನಿನಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ ಈಗ ಈ ಮಾತು ಬಂದೇ ಬರುತ್ತದೆ. "ಆಫೀಸಿನ ಸ್ಕೀಮಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡ್ರೆ ಟ್ಯಾಕ್ಸ್ ತುಂಬಾ ಉಳಿಯುತ್ತಂತೆ, ಹೌದಾ?" ಹೌದು, ಉಳಿಯುತ್ತದೆ. ಆದರೆ ಎಷ್ಟು ಅನ್ನುವುದು ಕಾರಿಗಿಂತ ಜಾಸ್ತಿ ನಿಮ್ಮ ಸಂಬಳವನ್ನು ನೋಡಿಕೊಂಡು ಇರುತ್ತದೆ. ಸ್ಕೀಮಿನ ವೆಬ್‌ಸೈಟ್ ತೋರಿಸುವ ಒಂದೇ ಅಂಕಿ ನೋಡಿ ಸಹಿ ಹಾಕಬೇಡಿ, ಅರ್ಧ ಗಂಟೆ ಕೂತು ನಿಮ್ಮದೇ ಲೆಕ್ಕ ಹಾಕಿ.

ಮೊದಲು ಇದು ನಡೆಯುವ ಬಗೆ ತಿಳಿದುಕೊಳ್ಳಿ. ಕಾರನ್ನು ಲೀಸ್‌ಗೆ ತೆಗೆದುಕೊಳ್ಳುವುದು ಕಂಪನಿ. ಅದರ ತಿಂಗಳ ಬಾಡಿಗೆಯಷ್ಟು ಸಂಬಳವನ್ನು ನೀವು ಬಿಟ್ಟುಕೊಡುತ್ತೀರಿ, ಇದಕ್ಕೆ ಸ್ಯಾಲರಿ ಸ್ಯಾಕ್ರಿಫೈಸ್ ಅನ್ನುತ್ತಾರೆ. ಬಿಟ್ಟುಕೊಟ್ಟ ದುಡ್ಡಿಗೆ ಇನ್‌ಕಮ್ ಟ್ಯಾಕ್ಸೂ ಇಲ್ಲ, ನ್ಯಾಷನಲ್ ಇನ್ಶೂರೆನ್ಸೂ (ಪೆನ್ಷನ್ ಮುಂತಾದ ಸರ್ಕಾರಿ ಸವಲತ್ತುಗಳಿಗಾಗಿ ಸಂಬಳದಲ್ಲಿ ಹಿಡಿಯುವ ದುಡ್ಡು) ಇಲ್ಲ. ಸಾಮಾನ್ಯವಾಗಿ ಕಾರಿನ ವಿಮೆ, ಸರ್ವಿಸ್, ಟೈರು ಎಲ್ಲ ಆ ಬಾಡಿಗೆಯಲ್ಲೇ ಸೇರಿರುತ್ತದೆ.

ಇದಕ್ಕೆ ಬದಲಾಗಿ ಸರ್ಕಾರ ಕಾರನ್ನು ನಿಮಗೆ ಸಿಕ್ಕ ಸವಲತ್ತು ಅಂತ ಪರಿಗಣಿಸಿ ಅದರ ಮೇಲೆ ಒಂದಿಷ್ಟು ಟ್ಯಾಕ್ಸ್ ಹಾಕುತ್ತದೆ. ಈ ಸವಲತ್ತನ್ನು ಎಲ್ಲರೂ ಬಿಐಕೆ (ಬೆನಿಫಿಟ್ ಇನ್ ಕೈಂಡ್) ಅನ್ನುತ್ತಾರೆ. ಕಾರಿನ ಪಟ್ಟಿ ಬೆಲೆಯ ಇಂತಿಷ್ಟು ಶೇಕಡಾ ನಿಮ್ಮ ಆದಾಯಕ್ಕೆ ಸೇರುತ್ತದೆ. ಡೀಲರ್ ಎಷ್ಟೇ ರಿಯಾಯಿತಿ ಕೊಟ್ಟಿದ್ದರೂ ಲೆಕ್ಕಕ್ಕೆ ಬರುವುದು ಪಟ್ಟಿ ಬೆಲೆಯೇ, ಕಾರಿನ ಜೊತೆ ಹಾಕಿಸಿಕೊಂಡ ಎಕ್ಸ್‌ಟ್ರಾಗಳೂ ಅದರಲ್ಲಿ ಬರುತ್ತವೆ. ಎಲೆಕ್ಟ್ರಿಕ್ ಕಾರಿಗೆ ಈ ದರ 2024-25ರಲ್ಲಿ 2% ಇತ್ತು, 2025-26ಕ್ಕೆ 3%, 2026-27ಕ್ಕೆ 4%, 2027-28ಕ್ಕೆ 5%, 2028-29ಕ್ಕೆ 7%, 2029-30ಕ್ಕೆ 9%. ಹೆಚ್ಚು ಹೊಗೆ ಬಿಡುವ ಪೆಟ್ರೋಲ್ ಕಾರಿಗೆ ಇದು 37%ರವರೆಗೆ ಹೋಗುತ್ತದೆ. ಇಡೀ ಲಾಭ ಇರುವುದು ಈ ಅಂತರದಲ್ಲೇ.

ಈಗ ಪೆನ್ನು ಹಿಡಿಯಿರಿ. ಪಟ್ಟಿ ಬೆಲೆ 40,000 ಪೌಂಡ್, ತಿಂಗಳಿಗೆ ಬಿಟ್ಟುಕೊಡುವುದು 500 ಪೌಂಡ್, ವರ್ಷ 2026-27 ಅಂದುಕೊಳ್ಳಿ. ಬಿಐಕೆ 4% ಅಂದರೆ 1,600 ಪೌಂಡ್. ನೀವು 40% ಟ್ಯಾಕ್ಸ್ ಕಟ್ಟುವವರಾದರೆ 500ರಲ್ಲಿ ಟ್ಯಾಕ್ಸ್ 200, ನ್ಯಾಷನಲ್ ಇನ್ಶೂರೆನ್ಸ್ 10, ಒಟ್ಟು 210 ಉಳಿಯಿತು. ಕೈಯಿಂದ ಹೋಗುವುದು 290. ಅದಕ್ಕೆ ಬಿಐಕೆ ಟ್ಯಾಕ್ಸ್ ತಿಂಗಳಿಗೆ ಸುಮಾರು 53 ಸೇರಿಸಿ, 343 ಆಯಿತು. 20% ಕಟ್ಟುವವರಿಗೆ ಟ್ಯಾಕ್ಸ್ 100, ನ್ಯಾಷನಲ್ ಇನ್ಶೂರೆನ್ಸ್ 40 ಸೇರಿ ಉಳಿಯುವುದು 140 ಮಾತ್ರ, ಬಿಐಕೆ ಸುಮಾರು 27 ಸೇರಿಸಿದರೆ 387 ಹೋಗುತ್ತದೆ. ಅದೇ ಕಾರು, ಅದೇ ಲೀಸು, ಆದರೆ ಕಡಿಮೆ ಸಂಬಳದವರಿಗೇ ಜಾಸ್ತಿ ಖರ್ಚು! (ಸ್ಕಾಟ್ಲೆಂಡಿನಲ್ಲಿ ಟ್ಯಾಕ್ಸ್ ದರಗಳೇ ಬೇರೆ, ಅಲ್ಲಿರುವವರು ತಮ್ಮ ದರ ಹಾಕಿಕೊಳ್ಳಿ.) 20% ಕಟ್ಟುವವರು ಮೂರು ನಾಲ್ಕು ವರ್ಷ ಓಡಿದ ಎಲೆಕ್ಟ್ರಿಕ್ ಕಾರು ಸ್ವಂತಕ್ಕೆ ಕೊಂಡರೆ ಎಷ್ಟಾಗುತ್ತದೆ ಅಂತ ಒಮ್ಮೆ ನೋಡಿಯೇ ಮುಂದೆ ಹೋಗಿ. ಇನ್ನೊಂದು, ಲೀಸು ಮೂರು ವರ್ಷದ್ದಾದರೆ ಮೂರೂ ವರ್ಷದ ಬಿಐಕೆ ಹಾಕಿ. 40% ಕಟ್ಟುವವರ ಆ 53 ಪೌಂಡು 2028-29ರ ಹೊತ್ತಿಗೆ 93 ಆಗಿರುತ್ತದೆ.

ಸಂಬಳ 1 ಲಕ್ಷ ಪೌಂಡಿನ ಆಸುಪಾಸಿದ್ದರೆ ಇಲ್ಲಿ ಸ್ವಲ್ಪ ನಿಧಾನಿಸಿ. 1 ಲಕ್ಷದಿಂದ 1,25,140ರವರೆಗೆ ಟ್ಯಾಕ್ಸ್ ಇಲ್ಲದ 12,570ರ ಭಾಗ ಕರಗುತ್ತಾ ಹೋಗುವುದರಿಂದ ನಿಜವಾದ ದರ 60% ಆಗುತ್ತದೆ. ಹಾಗಾಗಿ ಈ ಸ್ಕೀಮ್ ಅತಿ ಹೆಚ್ಚು ಉಳಿಸುವುದು ಇವರಿಗೇ. ಪುಟ್ಟ ಮಕ್ಕಳಿದ್ದರಂತೂ ಇನ್ನೂ ಮುಖ್ಯ. ಅಪ್ಪ ಅಮ್ಮ ಇಬ್ಬರಲ್ಲಿ ಯಾರೊಬ್ಬರ ಆದಾಯ 1 ಲಕ್ಷ ದಾಟಿದರೂ ಇಂಗ್ಲೆಂಡಿನಲ್ಲಿ ವಾರಕ್ಕೆ 30 ಗಂಟೆಯ ನರ್ಸರಿ ಸವಲತ್ತು ಹೋಗುತ್ತದೆ, ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರೂ ಹೋಗುತ್ತದೆ. ಜನ ಎಡವುವುದು ಇಲ್ಲೇ. ಸಂಬಳ 1,05,000, ಕಾರಿಗೆ 6,000 ಬಿಟ್ಟುಕೊಟ್ಟೆ, 99,000ಕ್ಕೆ ಬಂತು ಅಂತ ನಿರಾಳವಾಗುತ್ತಾರೆ. ಬಿಐಕೆಯ 1,600 ವಾಪಸ್ ಸೇರಿ ಆದಾಯ 1,00,600 ಆಗಿರುತ್ತದೆ! ಆ 600 ಪೌಂಡಿಗೆ ವರ್ಷದ ನರ್ಸರಿ ಸವಲತ್ತೇ ಕೈ ತಪ್ಪಬಹುದು. ಅಂಥವರು ಪೆನ್ಷನ್‌ಗೆ ಇನ್ನೊಂದು ಸಾವಿರ ಜಾಸ್ತಿ ಹಾಕಿ ಗೆರೆಯಿಂದ ಕೆಳಗೆ ಇರಿ. ಆದಾಯ 60,000 ದಾಟಿ ಚೈಲ್ಡ್ ಬೆನಿಫಿಟ್ ವಾಪಸ್ ಕಟ್ಟುತ್ತಿರುವವರಿಗೂ ಇದೇ ಲೆಕ್ಕ.

ಎನ್‌ಎಚ್‌ಎಸ್‌ನಲ್ಲಿರುವ ಡಾಕ್ಟರು, ನರ್ಸುಗಳು ಪೆನ್ಷನ್ ಕಡೆಯೂ ನೋಡಬೇಕು. ಕಾರಿಗೆ ಬಿಟ್ಟುಕೊಟ್ಟ ಸಂಬಳ ಅಲ್ಲಿ ಪೆನ್ಷನ್ ಲೆಕ್ಕಕ್ಕೆ ಬರುವುದಿಲ್ಲ. 2015ರ ಪೆನ್ಷನ್ ಸ್ಕೀಮಿನಲ್ಲಿ ಪ್ರತಿ ವರ್ಷದ ಸಂಬಳದ 54ರಲ್ಲಿ ಒಂದು ಭಾಗ ನಿಮ್ಮ ಪೆನ್ಷನ್‌ಗೆ ಸೇರುತ್ತದೆ. 6,000 ಬಿಟ್ಟುಕೊಟ್ಟರೆ ಮುಂದೆ ಬರುವ ವಾರ್ಷಿಕ ಪೆನ್ಷನ್‌ನಲ್ಲಿ 111 ಪೌಂಡ್ ಕಡಿಮೆ, ಮೂರು ವರ್ಷ ಮಾಡಿದರೆ 333, ಅದೂ ಬದುಕಿರುವವರೆಗೆ ಪ್ರತಿ ವರ್ಷ. ಪೆನ್ಷನ್‌ಗೆ ನೀವು ಕಟ್ಟುವುದೂ ಅಷ್ಟರಮಟ್ಟಿಗೆ ಇಳಿಯುತ್ತದೆ, ನಿಜ. ಆದರೂ ಇಷ್ಟು ದೊಡ್ಡ ವಿಷಯ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಿತ್ತು ಅನ್ನುವುದು ನನ್ನ ಅನಿಸಿಕೆ.

ಆಮೇಲೆ ಎಚ್‌ಆರ್‌ಗೆ ಒಂದು ಈಮೇಲ್ ಬರೆಯಿರಿ, ಫೋನಿನಲ್ಲಿ ಕೇಳಿ ಸುಮ್ನೆ ಬಿಡಬೇಡಿ. ಕೆಲಸ ಬಿಟ್ಟರೆ, ಕೆಲಸ ಹೋದರೆ, ಹೆರಿಗೆ ರಜೆಗೆ ಹೋದರೆ ಕಾರಿನ ಬಾಕಿ ಯಾರು ಕಟ್ಟಬೇಕು? ವರ್ಷಕ್ಕೆ ಎಷ್ಟು ಮೈಲಿ, ಮೀರಿದರೆ ಮೈಲಿಗೆ ಎಷ್ಟು? ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು, ಬಿಟ್ಟುಕೊಟ್ಟ ಮೇಲಿನ ಸಂಬಳದಿಂದ ವೀಸಾಕ್ಕೆ ತೊಂದರೆ ಆಗುತ್ತದಾ ಅಂತಲೂ ಬರಹದಲ್ಲೇ ಉತ್ತರ ಪಡೆಯಿರಿ. ವೀಸಾ ಎರಡು ವರ್ಷಕ್ಕೆ ಮುಗಿಯುವುದಾದರೆ ನಾಲ್ಕು ವರ್ಷದ ಲೀಸಿಗೆ ಹೋಗಬೇಡಿ. ಕಂಪನಿಗೂ ನಿಮ್ಮಿಂದ ಉಳಿತಾಯವಿದೆ. ಮೇಲಿನ ಉದಾಹರಣೆಯಲ್ಲಿ 6,000ದ ಮೇಲೆ ಅವರು ಕಟ್ಟಬೇಕಿದ್ದ 15% ನ್ಯಾಷನಲ್ ಇನ್ಶೂರೆನ್ಸ್, ಅಂದರೆ 900 ಪೌಂಡ್ ಉಳಿದು, ಬಿಐಕೆ ಮೇಲೆ 240 ಹೋಗುತ್ತದೆ. ಉಳಿದದ್ದರಲ್ಲಿ ನಮಗೂ ಪಾಲು ಕೊಡುತ್ತೀರಾ ಅಂತ ಕೇಳುವುದರಲ್ಲಿ ಸಂಕೋಚ ಏನಿಲ್ಲ.

ಚಾರ್ಜಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯ ಕರೆಂಟಿಗೆ ವ್ಯಾಟ್ 5%, ರಸ್ತೆ ಬದಿಯ ಚಾರ್ಜರಿಗೆ 20%. ಮನೆ ಮುಂದೆ ಸ್ವಂತ ಪಾರ್ಕಿಂಗ್ ಇಲ್ಲದ ಫ್ಲಾಟಿನವರು ಈ ಖರ್ಚನ್ನೂ ಸೇರಿಸಿ.

ಕಾರು ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಪೇ ಸ್ಲಿಪ್ಪಿನಲ್ಲಿ ಟ್ಯಾಕ್ಸ್ ಕೋಡ್ ನೋಡಿ, ನಿಮ್ಮ ಎಷ್ಟು ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಹೇಳುವ ಸಂಖ್ಯೆ ಅದು (1257 ಅಂದರೆ 12,570 ಪೌಂಡ್). 1257ಎಲ್ ಇದ್ದವರಿಗೆ ಇಡೀ ವರ್ಷದ 1,600 ಬಿಐಕೆ ಕಳೆದು 1097ಎಲ್ ಆಗಬೇಕು. ಕೆಲವು ಕಂಪನಿಗಳು ಕೋಡ್ ಬದಲಿಸದೆ ಬಿಐಕೆಯನ್ನು ನೇರವಾಗಿ ಪೇ ಸ್ಲಿಪ್ಪಿನಲ್ಲೇ ಸೇರಿಸುತ್ತವೆ, ಅದೂ ಸರಿಯೇ. ಎರಡನೇ ಪೇ ಸ್ಲಿಪ್ಪಿನಲ್ಲೂ ಎರಡರಲ್ಲಿ ಒಂದೂ ಕಾಣದಿದ್ದರೆ ಎಚ್‌ಎಂಆರ್‌ಸಿಯ (ಬ್ರಿಟನ್ನಿನ ತೆರಿಗೆ ಇಲಾಖೆ) ಆನ್‌ಲೈನ್ ಖಾತೆಗೆ ಹೋಗಿ ಕಾರಿನ ವಿವರ ನೀವೇ ತಿಳಿಸಿ, ಇಲ್ಲದಿದ್ದರೆ ಬಾಕಿ ಎಲ್ಲ ಸೇರಿ ಮುಂದಿನ ವರ್ಷ ಒಟ್ಟಿಗೆ ಸಂಬಳದಲ್ಲಿ ಹಿಡಿಯುತ್ತಾರೆ.