ಯಾವ ಟೆಸ್ಟ್ ಅನ್ನುವ ಮೊದಲು ಪದವನ್ನು ನೋಡಿ

ಬಿ.ಎಸ್ಸಿ. ಮಕ್ಕಳಿಗೆ ಅನಂತ ಶ್ರೇಣಿಗಳ, ಅಂದರೆ ಕೊನೆಯಿಲ್ಲದೆ ಪದಗಳನ್ನು ಕೂಡುತ್ತಾ ಹೋಗುವ ಮೊತ್ತಗಳ ಪಾಠ ಶುರುವಾದರೆ ನನಗೆ ತಪ್ಪದೆ ಬರುವ ಪ್ರಶ್ನೆ ಒಂದೇ: "ಸರ್, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?" ಮೊತ್ತ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆಯೋ (ಕನ್ವರ್ಜ್), ಇಲ್ಲವೋ (ಡೈವರ್ಜ್) ಅಂತ ಹೇಳುವುದು ಟೆಸ್ಟ್‌ನ ಕೆಲಸ. ಎಲ್ಲ ಟೆಸ್ಟ್‌ಗಳೂ ಅವರಿಗೆ ಬಾಯಿಪಾಠ ಬರುತ್ತವೆ. ಯಾವುದನ್ನು ಎಲ್ಲಿ ಹಾಕಬೇಕು ಅನ್ನುವಲ್ಲೇ ತಡವರಿಸುತ್ತಾರೆ.

ನಾನು ಮಾಡುವುದು ಇಷ್ಟು. ಟೆಸ್ಟ್‌ನ ಹೆಸರನ್ನು ಆಮೇಲೆ ಯೋಚಿಸುತ್ತೇನೆ. ಮೊದಲು, ಎನ್ (ಪದದ ಕ್ರಮಸಂಖ್ಯೆ) ತುಂಬಾ ದೊಡ್ಡದಾದಾಗ ಈ ಪದ ಯಾವುದರ ಹಾಗೆ ಚಿಕ್ಕದಾಗುತ್ತದೆ ಅಂತ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ. ಉತ್ತರ ಹೆಚ್ಚಾಗಿ ಅಲ್ಲೇ ಗೊತ್ತಾಗಿಬಿಡುತ್ತದೆ. ಟೆಸ್ಟ್ ಇರುವುದು ಅದನ್ನು ಸಾಧಿಸಿ ತೋರಿಸಲು.

ಪದ ಸೊನ್ನೆಗೇ ಹೋಗದಿದ್ದರೆ ಮುಂದೆ ಕೆಲಸವಿಲ್ಲ, ಶ್ರೇಣಿ ಡೈವರ್ಜ್ ಆಗುತ್ತದೆ. ಆದರೆ ಸೊನ್ನೆಗೆ ಹೋದ ಮಾತ್ರಕ್ಕೆ ಕನ್ವರ್ಜ್ ಆಗಬೇಕೆಂದಿಲ್ಲ. 1/ಎನ್ ಶ್ರೇಣಿಯಲ್ಲಿ 1/3 + 1/4 ಅರ್ಧಕ್ಕಿಂತ ಜಾಸ್ತಿ, ಮುಂದಿನ ನಾಲ್ಕು ಪದ ಸೇರಿದರೂ ಅರ್ಧಕ್ಕಿಂತ ಜಾಸ್ತಿ, ಆಮೇಲಿನ ಎಂಟೂ ಹಾಗೆಯೇ. 14ನೇ ಶತಮಾನದಲ್ಲೇ ಫ್ರಾನ್ಸಿನ ವಿದ್ವಾಂಸ ಒರೆಸ್ಮ್ ಕೊಟ್ಟ ಈ ವಾದಕ್ಕಿಂತ ಚೆಂದದ್ದು ಈ ಅಧ್ಯಾಯದಲ್ಲಿ ಇನ್ನೊಂದಿಲ್ಲ. ಹತ್ತು ಲಕ್ಷ ಪದ ಕೂಡಿದರೂ ಮೊತ್ತ 14.4ರ ಹತ್ತಿರ ಅಷ್ಟೆ. ಆದರೂ ಅದು ಎಲ್ಲೂ ನಿಲ್ಲುವುದಿಲ್ಲ.

ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದು ರೇಶಿಯೋ ಟೆಸ್ಟ್. ಮುಂದಿನ ಪದವನ್ನು ಹಿಂದಿನದರಿಂದ ಭಾಗಿಸಿದ ಅನುಪಾತ 1ಕ್ಕಿಂತ ಕಡಿಮೆ ಸಂಖ್ಯೆಗೆ ಹೋದರೆ ಕನ್ವರ್ಜ್, ಜಾಸ್ತಿಗೆ ಹೋದರೆ ಡೈವರ್ಜ್, 1ಕ್ಕೇ ಹೋದರೆ ಅದು ಏನೂ ಹೇಳುವುದಿಲ್ಲ. ಫ್ಯಾಕ್ಟೋರಿಯಲ್ ಇದ್ದರೆ, 2ರ ಎನ್ ಘಾತದಂಥದ್ದು ಇದ್ದರೆ ನಾನೂ ಅದನ್ನೇ ಹಿಡಿಯುತ್ತೇನೆ. ಎನ್ ಫ್ಯಾಕ್ಟೋರಿಯಲ್ ಅನ್ನು ಎನ್‌ನ ಎನ್ ಘಾತದಿಂದ ಭಾಗಿಸಿದ ಪದಕ್ಕೆ ಅನುಪಾತ 1/ಇ, ಅಂದರೆ ಸುಮಾರು 0.37ಕ್ಕೆ ಹೋಗುತ್ತದೆ. ಎರಡೇ ಸಾಲಿನಲ್ಲಿ ಕನ್ವರ್ಜ್. ಇಡೀ ಪದವೇ ಎನ್ ಘಾತದಲ್ಲಿದ್ದರೆ ಪದದ ಎನ್‌ನೇ ಮೂಲ ತೆಗೆದು ಅದೇ ರೀತಿ 1ರ ಜೊತೆ ಹೋಲಿಸುವ ರೂಟ್ ಟೆಸ್ಟ್ ಇನ್ನೂ ಸಲೀಸು. ಬರೀ ಎನ್, ಎನ್², √ಎನ್ ಇರುವ ಕಡೆ ಮಾತ್ರ ರೇಶಿಯೋ ಟೆಸ್ಟ್ ಹಾಕಲೇಬೇಡಿ. 1/ಎನ್‌ಗೂ ಅದು 1 ಕೊಡುತ್ತದೆ, 1/ಎನ್²ಗೂ 1 ಕೊಡುತ್ತದೆ. ಒಂದು ಡೈವರ್ಜ್, ಇನ್ನೊಂದು ಕನ್ವರ್ಜ್. ಅರ್ಧ ಪುಟ ಲೆಕ್ಕ ಮಾಡಿ 1 ಬಂತು ಅಂತ ಕೂರುವುದು ಯಾಕೆ, ಅಲ್ವಾ?

ಅಂಥ ಕಡೆ ಲಿಮಿಟ್ ಕಂಪ್ಯಾರಿಸನ್ ಹಾಕಬೇಕು, ಅಂದರೆ ಎನ್ ದೊಡ್ಡದಾದಾಗ ಪದ ಯಾವ ಪರಿಚಿತ ಪದದ ಹಾಗೆ ನಡೆಯುತ್ತದೋ ಅದರ ಜೊತೆ ಹೋಲಿಸಬೇಕು. (√(ಎನ್+1) − √ಎನ್)/ಎನ್ ತೆಗೆದುಕೊಳ್ಳಿ. ನೋಡಿದರೆ ಏನೂ ಹೊಳೆಯುವುದಿಲ್ಲ. ಮೇಲೂ ಕೆಳಗೂ √(ಎನ್+1) + √ಎನ್‌ನಿಂದ ಗುಣಿಸಿದರೆ ಅಂಶದಲ್ಲಿ 1 ಮಾತ್ರ ಉಳಿಯುತ್ತದೆ. ಛೇದ ಸುಮಾರು 2ಎನ್√ಎನ್. ಅಂದರೆ ಎನ್‌ನ ಘಾತ 3/2, ಒಂದಕ್ಕಿಂತ ಜಾಸ್ತಿ, ಹಾಗಿದ್ದಾಗಲೆಲ್ಲ ಮೊತ್ತ ನಿಲ್ಲುತ್ತದೆ. ಕನ್ವರ್ಜ್. ಸೈನ್(1/ಎನ್) ಕೂಡ ಹೀಗೆಯೇ. ಅದು 1/ಎನ್‌ನ ಹಾಗೆ ನಡೆಯುತ್ತದೆ, ಆದ್ದರಿಂದ ಡೈವರ್ಜ್. 1 − ಕಾಸ್(1/ಎನ್) ನಡೆಯುವುದು 1/(2ಎನ್²)ನ ಹಾಗೆ, ಅದು ಕನ್ವರ್ಜ್.

ಛೇದದಲ್ಲಿ ಲಾಗ್ ಕಂಡರೆ, ಮೊತ್ತದ ಬದಲು ಇಂಟಿಗ್ರಲ್ ಅನಂತಕ್ಕೆ ಹೋಗುತ್ತದೆಯೇ ಎಂದು ನೋಡುವ ಇಂಟಿಗ್ರಲ್ ಟೆಸ್ಟ್. 1/(ಎನ್ ಲಾಗ್ ಎನ್) ಇಂಟಿಗ್ರೇಟ್ ಮಾಡಿದರೆ ಲಾಗ್‌ನ ಲಾಗ್ ಬರುತ್ತದೆ. ಎನ್ ಅಂದರೆ 1ರ ಮುಂದೆ ನೂರು ಸೊನ್ನೆ ಇಟ್ಟರೂ ಅದರ ಬೆಲೆ ಐದೂವರೆ ದಾಟುವುದಿಲ್ಲ. ಆದರೂ ಅದು ಅನಂತಕ್ಕೇ ಹೋಗುತ್ತದೆ. ಇದನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿ ನೋಡಿ ತೀರ್ಮಾನಿಸುವ ಹಾಗಿಲ್ಲ.

ಪ್ಲಸ್ ಮೈನಸ್ ಬದಲಾಗುತ್ತಾ ಹೋಗುವ ಶ್ರೇಣಿಯಲ್ಲಿ ನಾನು ತುಂಬಾ ನಿಧಾನ. ಚಿಹ್ನೆ ಬಿಟ್ಟು ನೋಡಿದಾಗಲೇ ಕನ್ವರ್ಜ್ ಆದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಲೈಬ್ನಿಟ್ಸ್ ಟೆಸ್ಟ್. ಅದಕ್ಕೆ ಪದ ಸೊನ್ನೆಗೆ ಹೋದರೆ ಸಾಲದು, ಇಳಿಯುತ್ತಲೇ ಹೋಗಬೇಕು. ಈ ಎರಡನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಅದಕ್ಕೇ ಪ್ರತಿ ವರ್ಷ ಬೋರ್ಡಿನ ಮೇಲೆ ಈ ಶ್ರೇಣಿ ಬರೆಯುತ್ತೇನೆ: ಎನ್ 2ರಿಂದ ಶುರು, ಸಮ ಎನ್‌ಗೆ +1/(√ಎನ್ + 1), ಬೆಸ ಎನ್‌ಗೆ −1/(√ಎನ್ − 1). ಪದ ಸೊನ್ನೆಗೆ ಹೋಗುತ್ತದೆ, ಚಿಹ್ನೆಯೂ ಬದಲಾಗುತ್ತದೆ. "ಲೈಬ್ನಿಟ್ಸ್, ಸರ್, ಕನ್ವರ್ಜ್" ಅಂತ ಕೂಡಲೇ ಉತ್ತರ ಬರುತ್ತದೆ. ಮೊದಲ ನಾಲ್ಕು ಪದಗಳ ಗಾತ್ರ ಬರೆಯಿರಿ ಅನ್ನುತ್ತೇನೆ: 0.41, 1.37, 0.33, 0.81. ಇಳಿಕೆ ಎಲ್ಲಿದೆ? ಆಮೇಲೆ ಛೇದದಲ್ಲಿರುವ ವರ್ಗಮೂಲವನ್ನು, ಹಿಂದೆ ಮಾಡಿದ ಹಾಗೆ ಮೇಲೂ ಕೆಳಗೂ ಗುಣಿಸಿ, ಹೋಗಲಾಡಿಸಲು ಹೇಳುತ್ತೇನೆ. ಪದ ಎರಡು ಭಾಗವಾಗುತ್ತದೆ. ಒಂದು, ಚಿಹ್ನೆ ಬದಲಾಗುವ √ಎನ್/(ಎನ್−1). ಇದು ನಿಜವಾಗಿಯೂ ಇಳಿಯುತ್ತಾ ಹೋಗುತ್ತದೆ, ಲೈಬ್ನಿಟ್ಸ್ ಪ್ರಕಾರ ಕನ್ವರ್ಜ್. ಇನ್ನೊಂದು −1/(ಎನ್−1). ಇಲ್ಲಿ ಚಿಹ್ನೆ ಬದಲಾಗುವುದೇ ಇಲ್ಲ. ನಮ್ಮ ಹಳೆಯ 1/ಎನ್ ಶ್ರೇಣಿಯೇ ಮೈನಸ್ ಹೊತ್ತು ಬಂದಿದೆ, ಇಡೀ ಶ್ರೇಣಿಯನ್ನು ಡೈವರ್ಜ್ ಮಾಡುತ್ತದೆ.